ಸಾವಿರ ಅಡಿಯ ವೃತ್ತದೊಳಗೆ ಯಾರು?

ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ನಮ್ಮವರಿಗೆ ಅಪರಿಚಿತ ಊರೇನಲ್ಲ. ಸಿಲಿಕಾನ್ ವ್ಯಾಲಿಯ ಕಂಪನಿಗಳಲ್ಲಿ ದುಡಿಯುವ ಕನ್ನಡಿಗರು ಮನೆ ಮಾಡಿಕೊಂಡಿರುವ, ಮಕ್ಕಳು ಮೊಮ್ಮಕ್ಕಳನ್ನು ನೋಡಲು ಹೋದ ಹಿರಿಯರು ಕೆಲವು ತಿಂಗಳು ಇದ್ದು ಬರುವ ಊರು. 2025ರ ಫೆಬ್ರುವರಿಯಲ್ಲಿ ಅಲ್ಲಿನ ನಗರಸಭೆ ಒಂದು ಸ್ಥಳೀಯ ಕಾನೂನನ್ನು ಆರು–ಒಂದು ಮತದಿಂದ ಅಂಗೀಕರಿಸಿತು. ಬೀದಿ, ಫುಟ್‌ಪಾತ್, ಪಾರ್ಕು, ಹಳ್ಳದ ದಂಡೆ, ಸಾರ್ವಜನಿಕ ಜಾಗ ಯಾವುದೇ ಇರಲಿ, ಅಲ್ಲಿ ಟೆಂಟ್ ಹಾಕಿಕೊಂಡು ಇರುವುದು ಅಪರಾಧ. ಸಿಕ್ಕಿಬಿದ್ದರೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು.

ಇಷ್ಟೇ ಆಗಿದ್ದರೆ ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ. ಇಂಥ ಕಾನೂನುಗಳು ಅಮೆರಿಕದ ಎಷ್ಟೋ ಊರುಗಳಲ್ಲಿವೆ. ಫ್ರೀಮಾಂಟ್ ಒಂದು ಮಾತು ಹೆಚ್ಚಿಗೆ ಬರೆಯಿತು. ಹಾಗೆ ಟೆಂಟ್ ಹಾಕಲು ಅವಕಾಶ ಕೊಟ್ಟವರು, ನೆರವಾದವರು, ಕುಮ್ಮಕ್ಕು ಕೊಟ್ಟವರು, ಮುಚ್ಚಿಟ್ಟವರೂ ಅಪರಾಧಿಗಳೇ ಎಂದಿತು. ಹಾಗಾದರೆ ಟೆಂಟಿನಲ್ಲಿರುವ ಮುದುಕನಿಗೆ ಕಂಬಳಿ ಕೊಟ್ಟ ಚರ್ಚಿನವರು? ಗಾಯಕ್ಕೆ ಪಟ್ಟಿ ಕಟ್ಟಲು ಹೋದ ನರ್ಸ್? ಅನ್ನ ಕೊಡುವವರನ್ನು ಹಿಡಿಯುವ ಉದ್ದೇಶ ನಮಗಿಲ್ಲ ಎಂದು ನಗರಸಭೆ ಹೇಳಿತು. ಕಾನೂನಿನಲ್ಲಿ ಬರೆದಿರುವುದು ಬೇರೆ, ಬರೆದವರ ಮನಸ್ಸಿನಲ್ಲಿರುವುದು ಬೇರೆ ಎಂದಾಗ ನಂಬುವವರು ಕಡಿಮೆ. ದೊಡ್ಡ ಗಲಾಟೆಯೇ ಆಗಿ ಮಾರ್ಚ್‌ನಲ್ಲಿ ಆ ಸಾಲನ್ನು ತೆಗೆದುಹಾಕಿದರು. ಟೆಂಟ್ ನಿಷೇಧ ಮಾತ್ರ ಹಾಗೆಯೇ ಉಳಿಯಿತು.

ಊರುಗಳಿಗೆ ಈ ಧೈರ್ಯ ಬಂದದ್ದು 2024ರ ಜೂನ್ 28ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪೊಂದರಿಂದ. ಒರೆಗಾನ್ ರಾಜ್ಯದ ಗ್ರಾಂಟ್ಸ್ ಪಾಸ್, ಮೂವತ್ತೆಂಟು ಸಾವಿರದಷ್ಟು ಜನಸಂಖ್ಯೆಯ ಪುಟ್ಟ ಊರು. ಅಲ್ಲಿನ ಆಗಿನ ನಿಯಮದಂತೆ ಪಾರ್ಕಿನಲ್ಲಿ ಮಲಗುವಾಗ ಕಂಬಳಿ ಹಾಸಿದರೂ ಅದು ಕ್ಯಾಂಪಿಂಗ್. ಮೊದಲ ದಂಡವೇ 295 ಡಾಲರ್; ಕಟ್ಟದಿದ್ದರೆ ಬೆಳೆದು 537 ಡಾಲರ್ ದಾಟುತ್ತಿತ್ತು. ಮತ್ತೆ ಮತ್ತೆ ಸಿಕ್ಕಿಬಿದ್ದರೆ ಪಾರ್ಕಿಗೆ ಕಾಲಿಡದಂತೆ ಆದೇಶ, ಅದನ್ನೂ ಮೀರಿದರೆ ಅತಿಕ್ರಮ ಪ್ರವೇಶದ ಕೇಸು, ಮೂವತ್ತು ದಿನದವರೆಗೆ ಜೈಲು. ಊರಿನಲ್ಲಿ ವಯಸ್ಕರಿಗಿದ್ದ ದೊಡ್ಡ ಆಶ್ರಯಧಾಮ ಒಂದೇ. ಅದೂ ಕ್ರೈಸ್ತ ಮಿಷನ್ ನಡೆಸುವಂಥದ್ದು; ಪ್ರಾರ್ಥನೆಗೆ ಹಾಜರಾಗಬೇಕಿತ್ತು, ಬೀಡಿ ಸಿಗರೇಟು ಸೇದುವಂತಿರಲಿಲ್ಲ. ಮಲಗಲು ಬೇರೆ ಜಾಗವೇ ಇಲ್ಲದವನನ್ನು ಮಲಗಿದ್ದಕ್ಕೆ ಶಿಕ್ಷಿಸುವುದು ಕ್ರೂರ ಶಿಕ್ಷೆಯಾಗುತ್ತದೆ ಎಂದು ಪಶ್ಚಿಮದ ರಾಜ್ಯಗಳ ಮೇಲ್ಮನವಿ ನ್ಯಾಯಾಲಯ 2018ರಲ್ಲಿ ಬಾಯ್ಸಿ ನಗರದ ಪ್ರಕರಣದಲ್ಲಿ ಹೇಳಿತ್ತು. ಸುಪ್ರೀಂ ಕೋರ್ಟ್ ಆರು–ಮೂರರ ಬಹುಮತದಿಂದ ಆ ನಿಲುವನ್ನು ತಳ್ಳಿಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ನೀಲ್ ಗೋರ್ಸಚ್. ಈ ನಿಯಮ ಸ್ಥಿತಿಯನ್ನು ಶಿಕ್ಷಿಸುವುದಿಲ್ಲ, ಕೃತ್ಯವನ್ನು ಶಿಕ್ಷಿಸುತ್ತದೆ. ಬೆನ್ನಿಗೆ ಚೀಲ ಹಾಕಿಕೊಂಡು ಪ್ರವಾಸ ಬಂದವನಿಗೂ ಇದೇ ನಿಯಮ ಎಂಬುದು ಅವರ ವಾದ. ನಿದ್ದೆ ದೇಹದ ಅಗತ್ಯ, ಅದು ಅಪರಾಧವಾಗಲು ಸಾಧ್ಯವಿಲ್ಲ ಎಂದು ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ಭಿನ್ನಮತ ಬರೆದರು.

ಸ್ಥಿತಿ ಮತ್ತು ಕೃತ್ಯದ ಈ ವ್ಯತ್ಯಾಸ ಹುಟ್ಟಿದ್ದು ಡ್ರಗ್ಸ್ ಮೊಕದ್ದಮೆಯೊಂದರಲ್ಲಿ. ಲಾಸ್ ಏಂಜಲೀಸ್‌ನಲ್ಲಿ ಪೊಲೀಸರು ಒಬ್ಬನ ತೋಳಿನ ಮೇಲೆ ಸೂಜಿ ಚುಚ್ಚಿದ ಗುರುತು ನೋಡಿ ಹಿಡಿದರು. ಆಗಿನ ಕ್ಯಾಲಿಫೋರ್ನಿಯಾ ಕಾನೂನಿನಲ್ಲಿ ಮಾದಕ ವಸ್ತುವಿಗೆ ದಾಸನಾಗಿರುವುದೇ ಅಪರಾಧ, ಕನಿಷ್ಠ ತೊಂಬತ್ತು ದಿನ ಜೈಲು. 1962ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು: ಚಟ ಒಂದು ಕಾಯಿಲೆ, ಡ್ರಗ್ಸ್ ಇಟ್ಟುಕೊಂಡರೆ, ಮಾರಿದರೆ ಶಿಕ್ಷಿಸಿ, ಕಾಯಿಲೆಗೆ ಶಿಕ್ಷಿಸಬೇಡಿ. ತೀರ್ಪು ಬರುವ ಹೊತ್ತಿಗೆ ಆ ಮನುಷ್ಯ ಸತ್ತು ತಿಂಗಳುಗಳೇ ಕಳೆದಿದ್ದವು; ನ್ಯಾಯಾಲಯಕ್ಕೆ ಅದು ಗೊತ್ತೇ ಇರಲಿಲ್ಲ. 2024ರ ತೀರ್ಪು ಈ ಹಳೆಯ ತೀರ್ಪನ್ನು ರದ್ದು ಮಾಡಲಿಲ್ಲ, ಅದಕ್ಕೆ ಬೇಲಿ ಹಾಕಿತು. ಚಟ ಇರುವುದು ತಪ್ಪಲ್ಲ, ಮನೆ ಇಲ್ಲದಿರುವುದೂ ತಪ್ಪಲ್ಲ; ಚಟ ಇರುವವನು ಮಾಡುವ ಕೆಲಸ, ಮನೆ ಇಲ್ಲದವನು ಮಾಡುವ ಕೆಲಸ ತಪ್ಪಾಗಬಹುದು.

ಕಾಗದದ ಮೇಲೆ ಇದು ಸ್ಪಷ್ಟವಾಗಿದೆ. ಬೀದಿಯಲ್ಲಿ ಅಷ್ಟು ಸ್ಪಷ್ಟವಿಲ್ಲ. ಎಲ್ಲಕ್ಕಿಂತ ಹೆಚ್ಚು ಗೋಜಲಾಗುವುದು ಆಶ್ರಯಧಾಮದ ಬಾಗಿಲಲ್ಲಿ. ಊರಿನ ಸೂರಿಲ್ಲದವರೆಲ್ಲ ಬರಲೇಬೇಕಾದ ಜಾಗ ಅದು: ಊಟ ಅಲ್ಲಿ, ಹಾಸಿಗೆಯ ಪಟ್ಟಿ ಅಲ್ಲಿ, ಗುರುತಿನ ಚೀಟಿ ಮಾಡಿಸಿಕೊಡುವವರು ಅಲ್ಲಿ, ಡಾಕ್ಟರೂ ಅಲ್ಲಿ. ಬರುವವರೆಲ್ಲ ಚಟದವರಲ್ಲ. ಆದರೆ ಚಟಕ್ಕೆ ಬಿದ್ದವರು ದಿನಕ್ಕೊಮ್ಮೆಯಾದರೂ ಬಂದೇ ಬರುತ್ತಾರೆ ಎಂಬುದು ಮಾರುವವನಿಗೆ ಗೊತ್ತು. ಗಿರಾಕಿ ಹುಡುಕುವ ಕಷ್ಟವಿಲ್ಲ, ಗುಂಪಿನಲ್ಲಿ ತಾನೂ ಒಬ್ಬ ನಿರ್ಗತಿಕನಂತೆ ನಿಂತರೆ ಗುರುತು ಹಿಡಿಯುವವರೂ ಇಲ್ಲ. ಬೆಲ್ಲ ಇದ್ದಲ್ಲಿ ಇರುವೆ.

ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಇದು ನಡೆದ ರೀತಿಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಊರಿನ ಹಳೆಯ ರೈಲು ನಿಲ್ದಾಣದ ಬಳಿ ರಿಯೊ ಗ್ರ್ಯಾಂಡ್ ಬೀದಿಯಲ್ಲಿ ‘ದಿ ರೋಡ್ ಹೋಂ’ ಎಂಬ ಸಂಸ್ಥೆಯ ದೊಡ್ಡ ತಂಗುದಾಣವಿತ್ತು. ಚಳಿಗಾಲದ ರಾತ್ರಿ ಸಾವಿರದ ನೂರರಷ್ಟು ಜನ ಅದರೊಳಗೆ ತುಂಬುತ್ತಿದ್ದರು. ಹೊರಗಿನ ಬೀದಿ ಡ್ರಗ್ಸ್ ಸಂತೆಯೇ ಆಗಿಹೋಗಿತ್ತು. ಹೆರಾಯಿನ್, ಸ್ಪೈಸ್ ಎಂಬ ಕೃತಕ ಗಾಂಜಾ, ಏನು ಕೇಳಿದರೂ ಸಿಗುತ್ತಿತ್ತು. ಚಟ ಬಿಟ್ಟು ನಾಲ್ಕು ದಿನವಾದವನು ಹಾಸಿಗೆಗಾಗಿ ಅದೇ ಬೀದಿಯ ಸಾಲಿನಲ್ಲಿ ನಿಲ್ಲಬೇಕು. ಹಾಗಾಗಿ ಒಳಗಿನ ಹಾಸಿಗೆಗಿಂತ ದೂರದ ಪೊದೆಯೇ ವಾಸಿ ಎಂದು ಹೋದವರಿದ್ದರು.

2017ರ ಆಗಸ್ಟ್‌ನಲ್ಲಿ ರಾಜ್ಯ, ಜಿಲ್ಲೆ, ನಗರ ಮೂರೂ ಸೇರಿ ‘ಆಪರೇಷನ್ ರಿಯೊ ಗ್ರ್ಯಾಂಡ್’ ಶುರು ಮಾಡಿದವು. ಮೊದಲು ಪೊಲೀಸ್, ಆಮೇಲೆ ಚಿಕಿತ್ಸೆ, ಆಮೇಲೆ ಉದ್ಯೋಗ ಎಂಬ ಮೂರು ಹಂತ. ಬೀದಿಯ ಒಂದು ಭಾಗಕ್ಕೆ ಬೇಲಿ ಹಾಕಿ, ಸೇವೆ ಪಡೆಯುವವರಿಗೆ ಗುರುತಿನ ಕಾರ್ಡ್ ಕೊಟ್ಟು, ಕಾರ್ಡ್ ಇದ್ದವರನ್ನು ಮಾತ್ರ ಒಳಗೆ ಬಿಟ್ಟರು. ಮಾರುವವನನ್ನೂ ಮಲಗುವವನನ್ನೂ ಬೇರ್ಪಡಿಸುವ ಪ್ರಯತ್ನವಾಗಿ ಇದು ನನಗೆ ತೀರಾ ಕೆಟ್ಟದ್ದೆಂದು ಕಾಣುವುದಿಲ್ಲ. ಸಾವಿರಾರು ಬಂಧನಗಳಾದವು. ಅವುಗಳಲ್ಲಿ ಹೆಚ್ಚಿನವು ಸಣ್ಣಪುಟ್ಟ ತಪ್ಪು, ಹಳೆಯ ವಾರಂಟುಗಳಿಗೆ ಸಂಬಂಧಿಸಿದವು ಎಂದು ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ಆಕ್ಷೇಪಿಸಿತು. ಚಿಕಿತ್ಸೆಯ ಹಾಸಿಗೆಗಳೂ ಹೆಚ್ಚಿದವು, ಅದನ್ನೂ ಹೇಳಬೇಕು. ಆದರೆ ಕೊನೆಯ ಲೆಕ್ಕ ತಪ್ಪಿತು. ಹಳೆಯ ತಂಗುದಾಣವನ್ನು 2019ರ ನವೆಂಬರ್‌ನಲ್ಲಿ ಮುಚ್ಚಿದರು, ಮರುವರ್ಷ ಕಟ್ಟಡವನ್ನೂ ಕೆಡವಿದರು. ಬದಲಿಗೆ ಬೇರೆ ಬೇರೆ ಕಡೆ ಕಟ್ಟಿದ ಮೂರು ಹೊಸ ಕೇಂದ್ರಗಳಲ್ಲಿ ಒಟ್ಟು ಹಾಸಿಗೆ 700. ಉಳಿದವರು ಎಲ್ಲಿಗೆ ಹೋಗಬೇಕು? ಟೆಂಟ್‌ಗಳು ಒಂದು ಬೀದಿಯಿಂದ ಹತ್ತು ಬಡಾವಣೆಗೆ ಹರಡಿದವು. ಪ್ರತಿ ಚಳಿಗಾಲವೂ ಹೆಚ್ಚುವರಿ ಜಾಗ ಹುಡುಕುವ ಪರದಾಟ ಶುರುವಾಯಿತು.

ಇಷ್ಟು ಹೇಳಿ ಅಕ್ಕಪಕ್ಕದವರನ್ನು ಕಟುಕರೆಂದು ಚಿತ್ರಿಸಿದರೆ ಅನ್ಯಾಯವಾದೀತು. ಅರಿಜೋನಾದ ಫೀನಿಕ್ಸ್‌ನಲ್ಲಿ ಸರ್ಕಾರಿ ಮತ್ತು ಸ್ವಯಂಸೇವಾ ನೆರವಿನ ಹಲವು ಕೇಂದ್ರಗಳು ಒಂದೇ ಆವರಣದಲ್ಲಿವೆ. ಅದರ ಸುತ್ತಲ ಬೀದಿಗಳಲ್ಲಿ ಒಂದು ಹಂತದಲ್ಲಿ ಸಾವಿರದಷ್ಟು ಜನ ಟೆಂಟ್ ಹಾಕಿದ್ದರು. ‘ದಿ ಝೋನ್’ ಎಂದೇ ಅದಕ್ಕೆ ಹೆಸರು ಬಿತ್ತು. ಅಲ್ಲಿ ಸಣ್ಣ ಹೋಟೆಲು, ವರ್ಕ್‌ಶಾಪು ನಡೆಸುತ್ತಿದ್ದವರು ಬೆಳಗ್ಗೆ ಬಾಗಿಲು ತೆಗೆಯುವಾಗ ಮಲ ಮೂತ್ರ ತೊಳೆಯಬೇಕಿತ್ತು, ಸೂಜಿ ಹೆಕ್ಕಬೇಕಿತ್ತು. ಕಾನೂನು ಊರಿನ ಬೇರೆಲ್ಲ ಕಡೆ ಇದೆ, ನಮ್ಮ ಬೀದಿಯಲ್ಲಿ ಮಾತ್ರ ಇಲ್ಲ ಎಂದು ಅವರು 2022ರಲ್ಲಿ ನಗರದ ಮೇಲೆ ಮೊಕದ್ದಮೆ ಹೂಡಿದರು. ನ್ಯಾಯಾಧೀಶರು ಮರುವರ್ಷ ಅದನ್ನು ಒಪ್ಪಿ, ನಗರವೇ ಸಾರ್ವಜನಿಕ ಉಪದ್ರವಕ್ಕೆ ಕಾರಣವಾಗಿದೆ ಎಂದರು. 2023ರ ನವೆಂಬರ್ ಹೊತ್ತಿಗೆ ಝೋನ್ ಖಾಲಿಯಾಯಿತು. 2024ರ ನವೆಂಬರ್‌ನಲ್ಲಿ ಅರಿಜೋನಾ ಮತದಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬೀದಿ ಕ್ಯಾಂಪಿಂಗ್, ಬಹಿರಂಗ ಡ್ರಗ್ಸ್ ಸೇವನೆಯ ವಿರುದ್ಧದ ಕಾನೂನನ್ನು ನಗರ ಜಾರಿ ಮಾಡದೆ ಆಸ್ತಿ ಮಾಲೀಕನಿಗೆ ಖರ್ಚು ಬಿದ್ದರೆ, ಅವನು ಅದನ್ನು ಆಸ್ತಿ ತೆರಿಗೆಯಿಂದ ವಾಪಸು ಕೇಳಬಹುದು. ಸಿಟ್ಟನ್ನು ಓಟಿನ ಮೂಲಕ ಲೆಕ್ಕಕ್ಕೆ ಹಚ್ಚಿದ ರೀತಿ ಇದು.

ಇನ್ನು ಅಡಿಗಳ ಕಥೆ. ಶಾಲೆಯಿಂದ ಸಾವಿರ ಅಡಿ, ಅಂದರೆ ಸುಮಾರು ಮುನ್ನೂರು ಮೀಟರ್ ಒಳಗೆ ಡ್ರಗ್ಸ್ ಮಾರಿದರೆ ಹೆಚ್ಚು ಶಿಕ್ಷೆ ಎಂಬ ಕಾನೂನನ್ನು ಅಮೆರಿಕದ ಸಂಸತ್ತು 1984ರಲ್ಲಿ ತಂದಿತು. ರಾಜ್ಯಗಳು ನಕಲು ಮಾಡಿದವು, ಮಾಡುತ್ತಾ ಪಟ್ಟಿ ಬೆಳೆಸಿದವು: ಪಾರ್ಕು, ಲೈಬ್ರರಿ, ಸರ್ಕಾರಿ ವಸತಿ ಸಮುಚ್ಚಯ. ಕ್ಯಾಲಿಫೋರ್ನಿಯಾ ಚಿಕಿತ್ಸಾ ಕೇಂದ್ರ ಮತ್ತು ಸೂರಿಲ್ಲದವರ ತಂಗುದಾಣವನ್ನೂ ಸೇರಿಸಿತು. ಅವುಗಳ ಸಾವಿರ ಅಡಿಯೊಳಗೆ ಹೆರಾಯಿನ್, ಕೊಕೇನ್, ಮೆತ್ ದಂಧೆ ಮಾಡಿದವನಿಗೆ ಒಂದು ವರ್ಷ ಹೆಚ್ಚುವರಿ ಜೈಲು. ಚಟ ಬಿಡಲು ಬಂದವನ ಬಾಗಿಲಲ್ಲೇ ನಿಂತು ಮಾರುವವನಿಗೆ ಹೆಚ್ಚು ಶಿಕ್ಷೆ ಆಗಲಿ ಎಂದರೆ ನನ್ನ ತಕರಾರೇನೂ ಇಲ್ಲ.

ತಕರಾರು ಇರುವುದು ಅಳತೆಗೋಲಿನ ಬಗ್ಗೆ. ನ್ಯೂಜೆರ್ಸಿಯಲ್ಲಿ ಇಂಥ ವೃತ್ತಗಳನ್ನು ನಕ್ಷೆಯ ಮೇಲೆ ಎಳೆದು ನೋಡಿದ ಸರ್ಕಾರಿ ಆಯೋಗವೊಂದು 2005ರಲ್ಲಿ ವರದಿ ಕೊಟ್ಟಿತು. ನೆವಾರ್ಕ್ ನಗರದ ಸುಮಾರು ಮುಕ್ಕಾಲು ಭಾಗ ಒಂದಲ್ಲ ಒಂದು ವೃತ್ತದೊಳಗೆ ಬಿದ್ದಿತ್ತು. ಊರೇ ನಿಷೇಧಿತ ವಲಯವಾದ ಮೇಲೆ ಶಾಲೆಯಿಂದ ದೂರ ಹೋಗುವ ಕಾರಣ ಮಾರುವವನಿಗೆ ಉಳಿಯಲಿಲ್ಲ. ಒತ್ತೊತ್ತಾಗಿ ಕಟ್ಟಿದ ಬಡ ಬಡಾವಣೆಗಳಲ್ಲೇ ವೃತ್ತಗಳು ಹೆಚ್ಚು ಇದ್ದುದರಿಂದ ಈ ಕಾನೂನಿನಡಿ ಜೈಲು ಸೇರಿದವರಲ್ಲಿ ಶೇ 96ರಷ್ಟು ಜನ ಕಪ್ಪು ಅಥವಾ ಹಿಸ್ಪಾನಿಕ್ ಮೂಲದವರಾಗಿದ್ದರು. ರಾಜ್ಯ 2010ರಲ್ಲಿ ಕಾನೂನು ಸಡಿಲಿಸಿ ನ್ಯಾಯಾಧೀಶರ ವಿವೇಚನೆಗೆ ಬಿಟ್ಟಿತು. ಟೆನೆಸಿ 2020ರಲ್ಲಿ ಸಾವಿರವನ್ನು ಐನೂರಕ್ಕೆ ಇಳಿಸಿತು.

ಅದೇ ಸಾವಿರ ಅಡಿ ಲಾಸ್ ಏಂಜಲೀಸ್‌ನಲ್ಲಿ ಬೇರೆಯವರ ಮೇಲೆ ಬಿತ್ತು. 2018ರಲ್ಲಿ ಮೇಯರ್ ಎರಿಕ್ ಗಾರ್ಸೆಟಿ (ಮುಂದೆ ದೆಹಲಿಗೆ ಅಮೆರಿಕದ ರಾಯಭಾರಿಯಾಗಿ ಬಂದವರು) ಊರಿನ ಪ್ರತಿ ವಾರ್ಡಿನಲ್ಲೂ ತಾತ್ಕಾಲಿಕ ತಂಗುದಾಣ ಕಟ್ಟುವ ಯೋಜನೆ ತಂದರು. ನಮ್ಮ ಬೀದಿಯಲ್ಲಿ ಬೇಡ ಎಂದು ಬಡಾವಣೆಗಳು ಎದ್ದು ನಿಂತವು. ಅವರನ್ನು ಒಪ್ಪಿಸಲು ಕೊಟ್ಟ ಮಾತು ಹೀಗಿತ್ತು: ತಂಗುದಾಣ ಬಂದರೆ ಅದರ ಸುತ್ತ ಟೆಂಟ್ ಇರಲು ಬಿಡುವುದಿಲ್ಲ, ದಿನಾ ಗುಡಿಸುತ್ತೇವೆ, ಪೊಲೀಸರನ್ನು ಇಡುತ್ತೇವೆ. 2021ರಲ್ಲಿ ತಿದ್ದಿದ ನಗರ ಕಾನೂನಿನ 41.18ನೇ ಕಲಮಿನಲ್ಲಿ ಆ ಮಾತು ಅಕ್ಷರಕ್ಕಿಳಿಯಿತು. 2018ರಿಂದೀಚೆಗೆ ತೆರೆದ ಯಾವುದೇ ತಂಗುದಾಣ ಅಥವಾ ನೆರವಿನ ಕೇಂದ್ರದ ಸುತ್ತ ಸಾವಿರ ಅಡಿಯವರೆಗೆ ಕೂರುವುದು, ಮಲಗುವುದು, ಸಾಮಾನು ಇಡುವುದನ್ನು ನಗರಸಭೆ ನಿರ್ಣಯ ಮಾಡಿ ನಿಷೇಧಿಸಬಹುದು.

ತಂಗುದಾಣಕ್ಕೆ ಬಡಾವಣೆಯ ಒಪ್ಪಿಗೆ ಪಡೆಯಲು ತೆತ್ತ ಬೆಲೆ ಈ ವೃತ್ತ. ರಾಜಕಾರಣ ಎಂದರೆ ಇಂಥ ಕೊಡುಕೊಳ್ಳುವಿಕೆಯೇ, ಅದನ್ನು ಹಳಿಯಲಾರೆ. ಆದರೆ ಇದರ ಪರಿಣಾಮ ನೋಡಿ. ತಂಗುದಾಣದಲ್ಲಿ ಹಾಸಿಗೆ ನೂರಿದ್ದು ಕಾಯುವವರು ಮುನ್ನೂರಿದ್ದರೆ, ಹಾಸಿಗೆ ಖಾಲಿಯಾದ ಕೂಡಲೇ ಸಿಗಲಿ ಎಂದು ಹತ್ತಿರದಲ್ಲೇ ಇರಬೇಕಾದವರು ದೂರ ಹೋಗಬೇಕು. ಬೀದಿ ಸುತ್ತಿ ಇವರ ಹೆಸರು ಬರೆದುಕೊಳ್ಳುವ ಸಮಾಜ ಕಾರ್ಯಕರ್ತೆಗೆ ನಾಳೆ ಅವರು ಎಲ್ಲಿ ಸಿಗುತ್ತಾರೆ ಎಂದು ತಿಳಿಯುವುದಿಲ್ಲ. ಟೆಂಟಿನ ಜೊತೆಗೆ ಗುರುತಿನ ಚೀಟಿ, ಮಾತ್ರೆ, ಫೋನು ಕಸದ ಲಾರಿಗೆ ಹೋಗುತ್ತವೆ. ಮತ್ತೆ ಮೊದಲಿನಿಂದ ಅರ್ಜಿ. ಮಾರುವವನಿಗೆ ಮಾತ್ರ ಏನೂ ತೊಂದರೆಯಿಲ್ಲ. ಅವನಿಗೆ ಹಾಸಿಗೆ ಬೇಕಿಲ್ಲ, ಸಾಮಾನಿಲ್ಲ, ಜನ ಎಲ್ಲಿಗೆ ಹೋದರೆ ಅಲ್ಲಿಗೆ ಹೋಗುತ್ತಾನೆ. ಮಾರಾಟಗಾರನಿಗೆಂದು ಹುಟ್ಟಿದ ಅಳತೆಯನ್ನು ಮಲಗುವವನ ಮೇಲೆ ಹಾಕಿದಾಗ ಸಿಕ್ಕಿಬೀಳುವವನು ಕಾಲು ನೋವಿನಿಂದ ಬೇಗ ಎದ್ದು ನಡೆಯಲಾರದವನು.

ವೃತ್ತದೊಳಗೆ ಸಿಕ್ಕಿಬೀಳಬಹುದಾದ ಮೂರನೆಯವರೂ ಇದ್ದಾರೆ: ಕೇಂದ್ರ ನಡೆಸುವವರು. ಇದಕ್ಕೆ ಇಂಗ್ಲೆಂಡಿನ ಒಂದು ಪ್ರಕರಣವನ್ನು ಬಿಟ್ಟು ಮಾತಾಡುವಂತಿಲ್ಲ. ಕೇಂಬ್ರಿಜ್‌ನಲ್ಲಿ ‘ವಿಂಟರ್‌ಕಂಫರ್ಟ್’ ಎಂಬ ಹಗಲು ಕೇಂದ್ರವಿತ್ತು. ಅದರ ನಿರ್ದೇಶಕಿ ರೂತ್ ವೈನರ್, ವ್ಯವಸ್ಥಾಪಕ ಜಾನ್ ಬ್ರಾಕ್. ಡ್ರಗ್ಸ್ ತಂದವರನ್ನು ಅವರು ಕೇಂದ್ರದಿಂದ ಹೊರಗೆ ಹಾಕುತ್ತಿದ್ದರು. ಹಾಗೆ ಹೊರಹಾಕಿದವರ ಹೆಸರು ಕೊಡಿ ಎಂದು ಪೊಲೀಸರು ಕೇಳಿದರು. ಹೆಸರು ಕೊಟ್ಟರೆ ನಾಳೆಯಿಂದ ಯಾರೂ ನಮ್ಮನ್ನು ನಂಬಿ ಬಾಗಿಲಿಗೆ ಬರುವುದಿಲ್ಲ ಎಂದು ಇವರು ಕೊಡಲಿಲ್ಲ. ಪೊಲೀಸರು ಗುಟ್ಟಾಗಿ ಕ್ಯಾಮೆರಾ ಇಟ್ಟರು, ಮಫ್ತಿಯಲ್ಲಿ ಬಂದು ಹೆರಾಯಿನ್ ಕೊಂಡರು. ತಮ್ಮ ಆವರಣದಲ್ಲಿ ಮಾರಾಟ ನಡೆಯಲು ತಿಳಿದೂ ಬಿಟ್ಟರು ಎಂಬ ಆರೋಪದ ಮೇಲೆ 1999ರ ಡಿಸೆಂಬರ್‌ನಲ್ಲಿ ವೈನರ್‌ಗೆ ಐದು ವರ್ಷ, ಬ್ರಾಕ್‌ಗೆ ನಾಲ್ಕು ವರ್ಷ ಜೈಲಾಯಿತು. ದೇಶವೇ ಬೆಚ್ಚಿತು. ಸುಮಾರು ಏಳು ತಿಂಗಳು ಒಳಗಿದ್ದ ಮೇಲೆ ಜಾಮೀನು ಸಿಕ್ಕಿತು. ಮೇಲ್ಮನವಿಯಲ್ಲಿ ಶಿಕ್ಷೆ ಕಡಿಮೆಯಾಯಿತು. ಅಪರಾಧಿಗಳೆಂಬ ತೀರ್ಮಾನ ಮಾತ್ರ ಅಳಿಯಲಿಲ್ಲ. ಬಾಗಿಲು ಕಾಯುವವನ ಕೆಲಸ ಎಲ್ಲಿಗೆ ಮುಗಿದು ಪೊಲೀಸನ ಕೆಲಸ ಎಲ್ಲಿಂದ ಶುರುವಾಗಬೇಕು ಎಂಬುದು ಬ್ರಿಟನ್ನಿನ ಆಶ್ರಯಧಾಮಗಳಲ್ಲಿ ಆಮೇಲೆ ಭಯದ ವಿಷಯವೇ ಆಯಿತು.

ಭಾರತದ ಮಾದಕ ವಸ್ತು ನಿಗ್ರಹ ಕಾನೂನಾದ ಎನ್‌ಡಿಪಿಎಸ್ ಕಾಯ್ದೆಯಲ್ಲೂ ಆವರಣ ನಡೆಸುವವನ ಹೊಣೆ, ಸಮೀಪದ ಅಪರಾಧಕ್ಕೆ ಹೆಚ್ಚು ಶಿಕ್ಷೆ ಎಂಬ ಈ ಎರಡೂ ಎಳೆಗಳಿವೆ ಎಂಬುದು ಬಹಳ ಜನರ ಗಮನಕ್ಕೆ ಬಂದಿಲ್ಲ. ತನ್ನ ಮನೆ, ಕೋಣೆ, ಆವರಣವನ್ನು ಇಂಥ ಅಪರಾಧಕ್ಕೆ ಬಳಸಲು ತಿಳಿದೂ ಬಿಟ್ಟವನಿಗೆ 25ನೇ ಕಲಮು ಶಿಕ್ಷೆ ಹೇಳುತ್ತದೆ. 2001ರಲ್ಲಿ ಸೇರಿಸಿದ 32ಬಿ ಕಲಮಿನಲ್ಲಿ, ಶಿಕ್ಷಣ ಸಂಸ್ಥೆ ಅಥವಾ ಸಮಾಜ ಸೇವಾ ಕೇಂದ್ರದಲ್ಲಿ ಇಲ್ಲವೇ ಅದರ ತೀರಾ ಸಮೀಪದಲ್ಲಿ ಅಪರಾಧ ನಡೆದಿದ್ದರೆ ನ್ಯಾಯಾಧೀಶರು ಕನಿಷ್ಠಕ್ಕಿಂತ ಹೆಚ್ಚು ಶಿಕ್ಷೆ ಕೊಡಲು ಅದನ್ನು ಪರಿಗಣಿಸಬಹುದು ಎಂದಿದೆ. ಮಾದಕ ವಸ್ತು ಸಾಗಣೆಯ ವಿರುದ್ಧದ 1988ರ ವಿಶ್ವಸಂಸ್ಥೆಯ ಒಪ್ಪಂದದಲ್ಲೂ ಇದೇ ಮಾತಿದೆ. ಇಲ್ಲಿ ಅಡಿ, ಮೀಟರ್ ಯಾವುದೂ ಇಲ್ಲ. ಸಮೀಪ ಎಂದರೆ ಎಷ್ಟು ಎಂಬುದು ಪ್ರಕರಣ ನೋಡಿ ಹೇಳಬೇಕಾದ್ದು. ನೆವಾರ್ಕ್‌ನ ನಕ್ಷೆ ನೋಡಿದ ಮೇಲೆ ಈ ಅಸ್ಪಷ್ಟತೆಯೇ ಮೇಲು ಎನಿಸುತ್ತದೆ. ಜೊತೆಗೆ 64ಎ ಕಲಮಿದೆ: ಅಲ್ಪ ಪ್ರಮಾಣದೊಂದಿಗೆ ಸಿಕ್ಕಿಬಿದ್ದ ವ್ಯಸನಿ ತಾನಾಗಿ ಚಿಕಿತ್ಸೆಗೆ ಒಪ್ಪಿದರೆ ಅವನ ಮೇಲೆ ಮೊಕದ್ದಮೆ ನಡೆಯದು. ಬರೆದಿರುವುದು ಚೆನ್ನಾಗಿದೆ.

ಅಮೆರಿಕದಲ್ಲಿ ಗಾಳಿ ಈಗ ಗಟ್ಟಿಯಾಗಿ ಒಂದೇ ದಿಕ್ಕಿಗೆ ಬೀಸುತ್ತಿದೆ. ಅಲ್ಪ ಪ್ರಮಾಣದ ಡ್ರಗ್ಸ್ ಇಟ್ಟುಕೊಳ್ಳುವುದನ್ನು ಬರೀ ನೂರು ಡಾಲರ್ ದಂಡದ ವಿಷಯವಾಗಿಸಿ 2021ರಲ್ಲಿ ಹೊಸ ಹಾದಿ ಹಿಡಿದಿದ್ದ ಒರೆಗಾನ್, 2024ರ ಸೆಪ್ಟೆಂಬರ್‌ನಿಂದ ಅದನ್ನು ಮತ್ತೆ ಅಪರಾಧವಾಗಿಸಿತು. ಫ್ಲಾರಿಡಾದಲ್ಲಿ 2024ರ ಅಕ್ಟೋಬರ್‌ನಿಂದ ಸಾರ್ವಜನಿಕ ಜಾಗದಲ್ಲಿ ಮಲಗಲು ಬಿಡುವುದು ಸ್ಥಳೀಯ ಸಂಸ್ಥೆಗಳಿಗೇ ನಿಷಿದ್ಧ. ಬಿಟ್ಟರೆ ನಿವಾಸಿಗಳು ಅವುಗಳ ಮೇಲೆ ದಾವೆ ಹೂಡಬಹುದು. ಜಿಲ್ಲಾಡಳಿತ ಬೇಕಾದರೆ ಒಂದು ಜಾಗ ಗೊತ್ತುಮಾಡಬಹುದು, ಒಂದು ವರ್ಷ ಮೀರದಂತೆ. ಅಲ್ಲಿ ಶೌಚಾಲಯ, ನೀರು, ಕಾವಲು, ಮಾನಸಿಕ ಆರೋಗ್ಯದ ನೆರವು ಇರಬೇಕು. ಡ್ರಗ್ಸ್, ಮದ್ಯ ಎರಡೂ ಇರಕೂಡದು. ಕೊಟ್ಟರೆ ಒಳ್ಳೆಯ ಜಾಗವೇ. ಆದರೆ ಕೊಡಲೇಬೇಕೆಂದು ಕಾನೂನು ಹೇಳುವುದಿಲ್ಲ, ಅದಕ್ಕೆ ಬೇಕಾದಷ್ಟು ದುಡ್ಡನ್ನೂ ಕೊಡುವುದಿಲ್ಲ. 2025ರ ಜುಲೈ 24ರ ಅಧ್ಯಕ್ಷ ಟ್ರಂಪ್ ಆದೇಶ ಇದನ್ನು ದೇಶದ ನೀತಿಯ ಮಟ್ಟಕ್ಕೆ ಏರಿಸಿತು. ಬೀದಿ ಕ್ಯಾಂಪಿಂಗ್ ಮತ್ತು ಬಹಿರಂಗ ಡ್ರಗ್ಸ್ ಸೇವನೆಯನ್ನು ತಡೆಯುವ ರಾಜ್ಯ, ನಗರಗಳಿಗೆ ಅನುದಾನದಲ್ಲಿ ಆದ್ಯತೆ. ಮೊದಲು ಮನೆ ಕೊಡಿ, ಚಟ ಬಿಡಿಸುವುದು ಆಮೇಲೆ ಎಂಬ ಹಳೆಯ ನೀತಿಗೆ ಬೆಂಬಲ ಬಂದ್.

2024ರ ಜನವರಿಯ ಒಂದು ರಾತ್ರಿ ಎಣಿಸಿದಾಗ ಆ ದೇಶದಲ್ಲಿ ಸೂರಿಲ್ಲದವರು 7,71,480 ಜನ. ಹಿಂದಿನ ವರ್ಷಕ್ಕಿಂತ ಶೇ 18 ಹೆಚ್ಚು. ಕಾನೂನು ಮಾಡಲು ಒಂದು ಸಂಜೆಯ ಸಭೆ ಸಾಕು. ಹಾಸಿಗೆಗೆ ಜಮೀನು, ಕಟ್ಟಡ, ಸಿಬ್ಬಂದಿ, ಪ್ರತಿ ವರ್ಷದ ಬಜೆಟ್ ಬೇಕು. ಚುನಾವಣೆಗೆ ಮುಂಚೆ ಯಾವುದು ಮೊದಲು ಮುಗಿಯುತ್ತದೆ ಎಂದು ನಗರಸಭೆ ಸದಸ್ಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಗ್ರಾಂಟ್ಸ್ ಪಾಸ್‌ನಲ್ಲಿ ಆಮೇಲೆ ನಡೆದದ್ದು ಸುಪ್ರೀಂ ಕೋರ್ಟ್ ತೀರ್ಪಿನಷ್ಟು ಸುದ್ದಿಯಾಗಲಿಲ್ಲ. ಗೆದ್ದ ಮೇಲೆ ನಗರಸಭೆ ಟೆಂಟ್ ಹಾಕಲು ಬಿಟ್ಟಿದ್ದ ಜಾಗಗಳನ್ನು ಕಡಿಮೆ ಮಾಡಿತು. 2025ರ ಆರಂಭದಲ್ಲಿ ಉಳಿದ ಒಂದು ಜಾಗದಲ್ಲೂ ಸಂಜೆ ಐದರಿಂದ ಬೆಳಗ್ಗೆ ಏಳರವರೆಗೆ ಮಾತ್ರ ಇರಬೇಕು, ಆಮೇಲೆ ಎಲ್ಲ ಕಟ್ಟಿಕೊಂಡು ಹೊರಡಬೇಕು ಎಂದಾಯಿತು. ಗಾಲಿಕುರ್ಚಿಯಲ್ಲಿರುವವರು, ನಡೆಯಲಾಗದ ಕಾಯಿಲೆಯವರು ದಿನಾ ಟೆಂಟ್ ಕಿತ್ತು ಎಲ್ಲಿಗೆ ಹೋಗಬೇಕು ಎಂದು ಅಂಗವಿಕಲರ ಹಕ್ಕುಗಳ ಸಂಘಟನೆಯೊಂದು ರಾಜ್ಯದ ನ್ಯಾಯಾಲಯಕ್ಕೆ ಹೋಯಿತು. ಅಲ್ಲಿ ಅಮೆರಿಕದ ಸಂವಿಧಾನದ ಮಾತು ಬರಲಿಲ್ಲ. ಬೀದಿಯಲ್ಲಿ ಮಲಗುವುದರ ಮೇಲಿನ ಸ್ಥಳೀಯ ನಿರ್ಬಂಧ ಯಾವುದೇ ಇರಲಿ, ಅದು ಸಮಂಜಸವಾಗಿರಬೇಕು ಎಂಬ ಒರೆಗಾನ್‌ನದೇ 2021ರ ಕಾನೂನು ಸಾಕಾಯಿತು. ಆಗಸ್ಟ್‌ನಲ್ಲಿ ರಾಜಿಯಾಯಿತು: ಕನಿಷ್ಠ ಒಂದು ವರ್ಷ ನಗರವೇ 150 ಟೆಂಟ್‌ಗಳಿಗೆ ಜಾಗ ಕೊಡಬೇಕು, ಕುಡಿಯುವ ನೀರು ಇಡಬೇಕು, ಜಾಗ ಗಾಲಿಕುರ್ಚಿ ಓಡಾಡುವಂತಿರಬೇಕು.